ನಕ್ಷೆಯ ಹಿಂದಿನ ನಡಿಗೆ: ಕರ್ನಲ್ ಕಾಲಿನ್ ಮೆಕೆಂಜಿಯ ಜೀವನವನ್ನು ತರಗತಿಯಲ್ಲಿ ಹೇಳುವ ಬಗೆ

ಪೀಠಿಕೆ

ಸಿದ್ದರಬೆಟ್ಟದ ಸುತ್ತಲಿನ ಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಸಮಾಜ ವಿಜ್ಞಾನ ಪಾಠಗಳನ್ನು ವೀಕ್ಷಿಸುತ್ತಾ ಬಂದಿರುವ ನನಗೆ ಎರಡು ಸಂಗತಿಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ನಕ್ಷೆಯ ಪಾಠ. ಕರ್ನಾಟಕದ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಕೋಲಿನಿಂದ ಮುಟ್ಟಿ ತೋರಿಸಿ, ಮಕ್ಕಳಿಂದ ಹೆಸರು ಹೇಳಿಸಿದರೆ ಪಾಠ ಮುಗಿಯಿತು. ಈ ಗೆರೆಗಳನ್ನು ಯಾರು ಎಳೆದರು, ಹೇಗೆ ಎಳೆದರು, ಯಾಕೆ ಎಳೆದರು ಎಂಬ ಪ್ರಶ್ನೆ ಪಾಠಯೋಜನೆಯಲ್ಲಿ ಇರುವುದೇ ಇಲ್ಲ. ಇನ್ನೊಂದು, ವ್ಯಕ್ತಿ ಪರಿಚಯದ ಪಾಠ. ಹುಟ್ಟಿದ ವರ್ಷ, ತಂದೆಯ ಹೆಸರು, ಸಾಧನೆ, ನಿಧನ ಎಂಬ ನಾಲ್ಕು ಅಂಶಗಳು ಕಪ್ಪುಹಲಗೆಯ ಮೇಲೆ ಬರುತ್ತವೆ, ಮನುಷ್ಯ ಬರುವುದಿಲ್ಲ.

ಈ ಎರಡು ಕೊರತೆಗಳನ್ನೂ ಒಟ್ಟಿಗೆ ನೀಗಿಸಬಲ್ಲ ಒಂದು ಜೀವನ ನಮ್ಮ ಪ್ರದೇಶಕ್ಕೆ ಹತ್ತಿರದಲ್ಲೇ ಇದೆ. ಅದು ಮೈಸೂರು ರಾಜ್ಯವನ್ನು ಮೊದಲ ಬಾರಿಗೆ ಅಳೆದು ನಕ್ಷೆಗೆ ಇಳಿಸಿದ ಕರ್ನಲ್ ಕಾಲಿನ್ ಮೆಕೆಂಜಿಯ ಜೀವನ. ಮದ್ದಗಿರಿ ಎಂದು ಆಗ ಕರೆಯುತ್ತಿದ್ದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ನೆಲವೂ ಆ ಸಮೀಕ್ಷೆಯ ವ್ಯಾಪ್ತಿಗೆ ಸೇರಿತ್ತು. ಅವನನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ನಾನು ಇದನ್ನು ಬರೆಯುತ್ತಿಲ್ಲ. ಆಳುವವರ ಕೆಲಸವನ್ನು ಮಾಡಿದ, ಆದರೆ ಆಳಿಸಿಕೊಂಡವರ ಮಾತುಗಳನ್ನು ಯಾರೂ ಉಳಿಸದಷ್ಟು ಉಳಿಸಿದ ಮನುಷ್ಯನನ್ನು ಮಕ್ಕಳ ಮುಂದೆ ಹೇಗೆ ನಿಲ್ಲಿಸಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ದ್ವೀಪದ ಹುಡುಗ

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಪುಟ್ಟ ಬಂದರಿನಲ್ಲಿ. ತಂದೆ ವ್ಯಾಪಾರಿ, ಆ ಊರಿನ ಅಂಚೆಯ ಅಧಿಕಾರಿಯೂ ಆಗಿದ್ದವರು. ಹುಡುಗ ಬೆಳೆದು ಅದೇ ಬಂದರಿನ ಸುಂಕದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಬರುವ ಹೋಗುವ ಹಡಗುಗಳ ಲೆಕ್ಕ ಬರೆಯುವ ಕೆಲಸ. ಅವನಿಗೆ ಗಣಿತದಲ್ಲಿ ವಿಶೇಷ ಒಲವಿತ್ತು. ಲಾಗರಿದಮ್ಮನ್ನು ಕಂಡುಹಿಡಿದ ಜಾನ್ ನೇಪಿಯರ್ ವಂಶದ ಒಬ್ಬ ಪ್ರಭುವು ತನ್ನ ಪೂರ್ವಜನ ಚರಿತ್ರೆಯನ್ನು ಬರೆಯಲು ಹೊರಟಿದ್ದ. ಹಿಂದೂಗಳ ಗಣಿತದ ಬಗ್ಗೆ ಮಾಹಿತಿ ಬೇಕಾಗಿ ಮೆಕೆಂಜಿಯ ನೆರವು ಕೇಳಿದ. ಭಾರತದ ಹೆಸರು ಈ ತರುಣನ ಮನಸ್ಸಿನಲ್ಲಿ ಹೀಗೆ ಮೊದಲು ನೆಲೆಯಾದದ್ದು ಲೆಕ್ಕದ ದಾರಿಯಿಂದ.

1783ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ ಮದರಾಸಿಗೆ ಬಂದ. ಆಗ ಅವನಿಗೆ ಮೂವತ್ತರ ಹತ್ತಿರ ವಯಸ್ಸು. ಸೈನ್ಯಕ್ಕೆ ಸೇರುವ ಹುಡುಗರೆಲ್ಲ ಹದಿನಾರು ಹದಿನೇಳರವರು. ಅವರ ನಡುವೆ ಇವನೊಬ್ಬ ತಡವಾಗಿ ಬಂದ ವಿದ್ಯಾರ್ಥಿ. ಅಲ್ಲಿಂದ ಮುಂದೆ ಮೂವತ್ತೆಂಟು ವರ್ಷ ಬದುಕಿದ. ಹುಟ್ಟಿದ ದ್ವೀಪಕ್ಕೆ ಒಮ್ಮೆಯೂ ಹಿಂದಿರುಗಲಿಲ್ಲ.

ಯುದ್ಧದಿಂದ ಅಳತೆಗೆ

ಕಾಲಾಳು ದಳದಲ್ಲಿದ್ದವನು 1786ರಲ್ಲಿ ಎಂಜಿನಿಯರುಗಳ ದಳಕ್ಕೆ ವರ್ಗವಾದ. ಅಂದಿನ ಸೈನ್ಯದ ಎಂಜಿನಿಯರ್ ಎಂದರೆ ಕೋಟೆಯನ್ನು ನೋಡಿ ಅದರ ದುರ್ಬಲ ಮೂಲೆ ಯಾವುದು ಎಂದು ಹೇಳಬೇಕಾದವನು, ತೋಪುಗಳು ಸಾಗುವ ದಾರಿಯನ್ನು ಗುರುತಿಸಬೇಕಾದವನು. ಮೂರನೆಯ ಮೈಸೂರು ಯುದ್ಧದಲ್ಲಿ, ಪಾಂಡಿಚೇರಿಯ ಮುತ್ತಿಗೆಯಲ್ಲಿ, 1796ರಲ್ಲಿ ಡಚ್ಚರಿಂದ ಕೊಲಂಬೊವನ್ನು ಕಸಿದುಕೊಂಡ ದಂಡಯಾತ್ರೆಯಲ್ಲಿ ಅವನಿದ್ದ. ನಡುವೆ ನಿಜಾಮನ ಸೀಮೆಯಲ್ಲಿ ದಾರಿ ಘಾಟಿಗಳನ್ನು ಅಳೆದ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಅವನು ಎಂಜಿನಿಯರನಾಗಿದ್ದ. ಅಂದರೆ ಮಕ್ಕಳಿಗೆ ಇದನ್ನು ಮುಚ್ಚಿಡಬೇಕಾಗಿಲ್ಲ: ನಮ್ಮ ನೆಲದ ಮೊದಲ ದೊಡ್ಡ ನಕ್ಷೆಯನ್ನು ಮಾಡಿದವನು ಮೊದಲು ಬಂದದ್ದು ನಮ್ಮ ಕೋಟೆಯ ಗೋಡೆಯನ್ನು ಒಡೆಯುವವರ ಜೊತೆಗೆ.

1799ರ ಮೇ 4ರಂದು ಟಿಪ್ಪು ಸುಲ್ತಾನ ಮಡಿದ ಮೇಲೆ ಅವನ ರಾಜ್ಯವನ್ನು ಕಂಪನಿ, ನಿಜಾಮ, ಮೈಸೂರಿನ ಒಡೆಯರು ಎಂದು ಹಂಚಲಾಯಿತು. ಹಂಚುವುದು ಕಾಗದದ ಮೇಲೆ ಸುಲಭ. ಆದರೆ ಯಾವ ಹಳ್ಳಿ ಯಾವ ಗಡಿಗೆ ಸೇರುತ್ತದೆ ಎಂದು ನೆಲದ ಮೇಲೆ ತೋರಿಸುವವರು ಬೇಕು. ಗವರ್ನರ್ ಜನರಲ್ ವೆಲ್ಲೆಸ್ಲಿ ಮೆಕೆಂಜಿಗೆ ಮೈಸೂರು ಸಮೀಕ್ಷೆಯನ್ನು ವಹಿಸಿದ. ಸುಮಾರು 40,000 ಚದರ ಮೈಲಿಗಳ ನೆಲ. ಕೆಲಸ ಉತ್ತರದ ಗಡಿಯಿಂದ ಶುರುವಾಯಿತು. ಮುಗಿಯಲು ಸುಮಾರು ಹತ್ತು ವರ್ಷ ಹಿಡಿಯಿತು.

ಇಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ನಮ್ಮ ಮಕ್ಕಳಿಗೆ ಗಡಿ ಎಂದರೆ ದೂರದ ವಿಷಯವಲ್ಲ. ಪಾವಗಡ ತಾಲ್ಲೂಕನ್ನು ತುಮಕೂರು ಜಿಲ್ಲೆಯ ನಕ್ಷೆಯಲ್ಲಿ ನೋಡಿದರೆ ಅದು ಜಿಲ್ಲೆಯ ಉಳಿದ ಭಾಗದಿಂದ ಕಳಚಿಕೊಂಡು ನಿಂತಿದೆ. ಪಶ್ಚಿಮದಲ್ಲಿ ಚಿತ್ರದುರ್ಗ ಜಿಲ್ಲೆ ಬಿಟ್ಟರೆ ಉಳಿದ ಕಡೆ ಆಂಧ್ರದ ನೆಲ. ಯಾಕೆ ಹೀಗೆ ಎಂದು ಪಾವಗಡದ ಮಗು ಕೇಳಿದರೆ ಉತ್ತರ ಒಂದೇ ದಿನದಲ್ಲಿ ಆದದ್ದಲ್ಲ. ಪಾಳೆಯಗಾರರ ಕಾಲದ ಹಿಡಿತಗಳಿಂದ ಹಿಡಿದು ಭಾಷಾವಾರು ರಾಜ್ಯಗಳವರೆಗೆ ಹಲವು ಮೆಟ್ಟಿಲುಗಳಿವೆ. 1799ರ ಹಂಚಿಕೆ ಅವುಗಳಲ್ಲೊಂದು.

ಬೆಟ್ಟದಿಂದ ಬೆಟ್ಟಕ್ಕೆ

ಅಷ್ಟು ದೊಡ್ಡ ನೆಲವನ್ನು ಸರಪಳಿ ಎಳೆದು ಪೂರ್ತಿ ಅಳೆಯಲು ಆಗುವುದಿಲ್ಲ. ಸಮತಟ್ಟಾದ ಒಂದು ಜಾಗದಲ್ಲಿ ಕೆಲವು ಮೈಲಿಗಳ ಒಂದು ನೇರ ಗೆರೆಯನ್ನು ಮಾತ್ರ ತುಂಬ ಎಚ್ಚರಿಕೆಯಿಂದ ಅಳೆಯುತ್ತಾರೆ. ಅದು ಆಧಾರರೇಖೆ. ಅದರ ಎರಡು ತುದಿಗಳಿಂದಲೂ ದೂರದ ಒಂದು ಬೆಟ್ಟದ ತುದಿಯಲ್ಲಿ ನೆಟ್ಟ ಬಾವುಟವನ್ನು ನೋಡಿ ಕೋನ ಅಳೆಯುತ್ತಾರೆ. ಒಂದು ಬಾಹು, ಎರಡು ಕೋನ ಗೊತ್ತಾದರೆ ಉಳಿದ ಎರಡು ಬಾಹುಗಳು ಲೆಕ್ಕದಿಂದ ಸಿಗುತ್ತವೆ. ಹಾಗೆ ಸಿಕ್ಕ ಬಾಹುವೇ ಮುಂದಿನ ತ್ರಿಭುಜಕ್ಕೆ ಆಧಾರ. ಬೆಟ್ಟದಿಂದ ಬೆಟ್ಟಕ್ಕೆ ಹೀಗೆ ತ್ರಿಭುಜಗಳ ಬಲೆ ಹರಡುತ್ತದೆ. ಬಲೆಯ ಕಣ್ಣುಗಳ ಒಳಗೆ ಊರು, ಕೆರೆ, ಹಳ್ಳ, ದಾರಿಗಳನ್ನು ಸಮಪಟ್ಟಿಯ ಹಲಗೆಯ ಮೇಲೆ ಸ್ಥಳದಲ್ಲೇ ಬರೆದು ತುಂಬುತ್ತಾರೆ.

ಇದೇ ಕಾಲಕ್ಕೆ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯನ್ನು ಅಳೆದ. ಮುಂದೆ ಭಾರತದ ಮಹಾ ತ್ರಿಕೋನಮಿತಿ ಸಮೀಕ್ಷೆಯಾಗಿ ಬೆಳೆದದ್ದು ಅವನ ಕೆಲಸ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಅದೇ ವರ್ಷ ಬೆಳೆ, ಕಸುಬು, ಮಣ್ಣುಗಳ ಬಗ್ಗೆ ಕೇಳುತ್ತ ಸಿರಾ, ಮಧುಗಿರಿಗಳ ಕಡೆಯಿಂದ ಹಾದುಹೋದ. ಒಂದೇ ಸಮಯಕ್ಕೆ ಮೂವರು ಮೂರು ಬಗೆಯಲ್ಲಿ ಮೈಸೂರನ್ನು ಓದುತ್ತಿದ್ದರು: ಲ್ಯಾಂಬ್ಟನ್ ಭೂಮಿಯ ಆಕಾರವನ್ನು, ಬುಕಾನನ್ ಅದರ ಉತ್ಪನ್ನವನ್ನು, ಮೆಕೆಂಜಿ ನೆಲದ ಜೊತೆಗೆ ಅದರ ನೆನಪನ್ನು.

ಕೆಲಸ ಸುಲಭವಾಗಿರಲಿಲ್ಲ. ಕಾಡುಜ್ವರದಿಂದ ಸಹಾಯಕರು ಒಬ್ಬರ ಹಿಂದೊಬ್ಬರು ಬಿದ್ದರು. ಮೆಕೆಂಜಿಗೂ ಜ್ವರ ಬಿಡಲಿಲ್ಲ. ಲಂಡನ್ನಿನ ನಿರ್ದೇಶಕರು ಖರ್ಚು ಹೆಚ್ಚಾಯಿತೆಂದು ಸಮೀಕ್ಷೆಯ ಭತ್ಯೆಗಳನ್ನು ಕತ್ತರಿಸಿದರು. ಸಮೀಕ್ಷೆಯ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್ ಬೇರೆಯಾದ. ಮೆಕೆಂಜಿ ಮಾತ್ರ ಬಿಡಲಿಲ್ಲ.

ಸರ್ವೆ ಶಾಲೆಯ ಹುಡುಗರು

ಶಿಕ್ಷಕ ಶಿಕ್ಷಣದ ದೃಷ್ಟಿಯಿಂದ ಈ ಜೀವನದಲ್ಲಿ ನನಗೆ ಹೆಚ್ಚು ಉಪಯುಕ್ತವೆನಿಸುವ ಭಾಗ ಇದು. ಮದರಾಸಿನ ಖಗೋಳ ವೀಕ್ಷಣಾಲಯದಲ್ಲಿ 1794ರಲ್ಲಿ ಮೈಕೇಲ್ ಟಾಪಿಂಗ್ ಒಂದು ಸರ್ವೆ ಶಾಲೆ ತೆರೆದಿದ್ದ. ಅಲ್ಲಿ ಕಲಿತವರು ಬಹುಪಾಲು ಮದರಾಸಿನ ಅನಾಥಾಲಯದ ಹುಡುಗರು. ತಂದೆ ಯುರೋಪಿನ ಸಿಪಾಯಿ, ತಾಯಿ ಈ ನೆಲದವಳು. ಎರಡು ಕಡೆಯವರಿಗೂ ಪೂರ್ತಿ ಬೇಕಾಗದ ಈ ಹುಡುಗರ ಕೈಗೆ ಕೋನಮಾಪಕ, ಸರಪಳಿ, ಹಲಗೆ ಕೊಟ್ಟು ಕಲಿಸಲಾಯಿತು. ಮೈಸೂರು ಸಮೀಕ್ಷೆಗೆ ಸಿಕ್ಕ ಕೈಗಳಲ್ಲಿ ಇವರದೂ ಸೇರಿತ್ತು.

ಅವರ ತರಬೇತಿಯ ದೊಡ್ಡ ಪಾಲು ನಡೆದದ್ದು ಬಯಲಿನಲ್ಲಿ. ಅನುಭವಿಯ ಪಕ್ಕದಲ್ಲಿ ನಿಂತು ನೋಡುವುದು, ತಾನೇ ಅಳೆಯುವುದು, ಬರೆದದ್ದನ್ನು ತೋರಿಸುವುದು, ತಿದ್ದಿಸಿಕೊಳ್ಳುವುದು, ಮರುದಿನ ಮತ್ತೆ ಅಳೆಯುವುದು. ನಾವು ಅಭ್ಯಾಸ ಬೋಧನೆ ಎಂದು ಕರೆಯುವುದರ ಕ್ರಮವೂ ಇದೇ ಅಲ್ಲವೇ? ನಕ್ಷೆಯ ಮೂಲೆಯಲ್ಲಿ ಬರುವುದು ಒಬ್ಬನ ಹೆಸರು. ಅದರೊಳಗಿನ ಒಂದೊಂದು ಕೆರೆಯ ಏರಿಯ ಮೇಲೆ ನಡೆದ ಕಾಲುಗಳು ಬೇರೆಯವರವು.

ಬೊರಯ್ಯ ಮತ್ತು ಕೈಫಿಯತ್ತುಗಳು

ಮೆಕೆಂಜಿಗೆ ಈ ನೆಲದ ಭಾಷೆಗಳು ಬರುತ್ತಿರಲಿಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಅವನ ಕಣ್ಣು ಕಿವಿ ಆದವರು ಏಲೂರಿನ ಕಡೆಯ ಕಾವಲಿ ಮನೆತನದ ಸಹೋದರರು. ಹಿರಿಯ ಕಾವಲಿ ವೆಂಕಟ ಬೊರಯ್ಯ ಇಪ್ಪತ್ತರ ಹರೆಯದಲ್ಲಿ ಅವನ ಬಳಿಗೆ ಬಂದ. ತೆಲುಗು, ಸಂಸ್ಕೃತ, ಕನ್ನಡ, ತಮಿಳುಗಳಲ್ಲಿ ಓಡಾಡಬಲ್ಲ, ಊರಿನ ಯಜಮಾನರ ಜೊತೆಯಲ್ಲೂ ಮಠದ ಸ್ವಾಮಿಗಳ ಜೊತೆಯಲ್ಲೂ ಹೇಗೆ ಕೂರಬೇಕು ಎಂದು ತಿಳಿದ ತರುಣ. ಹಳಗನ್ನಡದ ಶಾಸನಗಳನ್ನು ಓದಿ ಬಿಡಿಸಲು ಆ ತಂಡದಲ್ಲಿ ದಾರಿ ಮಾಡಿದವನು ಅವನೇ. 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಬೊರಯ್ಯ ತೀರಿಕೊಂಡ. ಭಾರತದ ಜ್ಞಾನದ ಬಾಗಿಲು ತನಗೆ ತೆರೆದದ್ದು ಬೊರಯ್ಯನಿಂದ ಎಂಬುದನ್ನು ಮೆಕೆಂಜಿ ಹಲವು ವರ್ಷಗಳ ನಂತರವೂ ಒಪ್ಪಿ ಬರೆದ. ತಮ್ಮ ಲಕ್ಷ್ಮಯ್ಯ ಕೆಲಸವನ್ನು ಮುಂದುವರಿಸಿದ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಜೈನ ಬಸದಿಗಳ, ಗ್ರಂಥಗಳ ಲೋಕವನ್ನು ಪರಿಚಯಿಸಿದ.

ಇವರು ಊರೂರಿಗೆ ಹೋಗಿ ಕೇಳುತ್ತಿದ್ದದ್ದು ಏನು? ಈ ಊರನ್ನು ಯಾರು ಕಟ್ಟಿದರು, ಯಾವ ಪಾಳೆಯಗಾರ ಆಳಿದ, ಕೆರೆ ಯಾರ ಕಾಲದ್ದು, ದೇವಸ್ಥಾನದ ಇನಾಮು ಎಷ್ಟು, ಶಾಸನ ಎಲ್ಲಿದೆ. ಊರಿನವರು ಹೇಳಿದ್ದನ್ನು ಬರೆಸಿದ ಒಕ್ಕಣೆಗಳೇ ಕೈಫಿಯತ್ತುಗಳು. ಏನೇನು ಕೇಳಬೇಕು ಎಂಬ ಪ್ರಶ್ನಾವಳಿಯನ್ನು ಮೆಕೆಂಜಿ ಮೊದಲೇ ಮಾಡಿಕೊಟ್ಟಿದ್ದ.

ಜನ ಸುಲಭವಾಗಿ ಬಾಯಿ ಬಿಡಲಿಲ್ಲ. ಅಳತೆಗೆ ಬಂದವರು ನಾಳೆ ಕಂದಾಯ ಹೆಚ್ಚಿಸುತ್ತಾರೆ, ಇನಾಮು ಕಿತ್ತುಕೊಳ್ಳುತ್ತಾರೆ ಎಂಬ ಭಯ ಸಹಜವಾಗಿತ್ತು. ಶಾನುಭೋಗರ ಬಳಿ ಊರಿನ ಲೆಕ್ಕ ಕಡತದಲ್ಲಿರುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಅದು. ಅಳಿಸಿ ಮತ್ತೆ ಬರೆಯಬಹುದು. ಒಂದು ರೀತಿಯಲ್ಲಿ ಮಡಚುವ ಕಪ್ಪುಹಲಗೆ. ಅದನ್ನು ಬಿಚ್ಚಿ ತೋರಿಸುವುದು ಎಂದರೆ ಮನೆಯ ಒಳಕೋಣೆಯನ್ನು ತೋರಿಸಿದ ಹಾಗೆ. ನಂಬಿಕೆ ಗಳಿಸಿದ ಮೇಲಷ್ಟೇ ಅದು ಬಿಚ್ಚಿಕೊಳ್ಳುತ್ತಿತ್ತು. ಆ ನಂಬಿಕೆಯನ್ನು ಗಳಿಸಿದವರು ಕಾವಲಿ ಸಹೋದರರಂಥವರು.

ತೋಟದ ದ್ವೀಪಗಳು

ಹೊರ ಪ್ರಪಂಚದ ಒಂದು ಹೋಲಿಕೆ ಇಲ್ಲಿ ಪಾಠಕ್ಕೆ ಸಹಾಯವಾಗುತ್ತದೆ. ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರು ಕಬ್ಬಿನ ತೋಟ ಹಾಕಿ, ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಗುಲಾಮರಾಗಿ ದುಡಿಸುತ್ತಿದ್ದರು. ಅಲ್ಲಿ ಮೊದಮೊದಲಿನ ನಕ್ಷೆಗಳಲ್ಲಿ ಒಂದನ್ನು ರಿಚರ್ಡ್ ಲಿಗಾನ್ 1657ರ ತನ್ನ ಪುಸ್ತಕದ ಜೊತೆ ಪ್ರಕಟಿಸಿದ. 1670ರ ದಶಕದಲ್ಲಿ ರಿಚರ್ಡ್ ಫೋರ್ಡ್ ಎಂಬ ಸರ್ವೆಯವನು ಇನ್ನೂ ವಿವರವಾದ ನಕ್ಷೆ ಮಾಡಿದ. ಆ ನಕ್ಷೆಗಳಲ್ಲಿ ತೋಟದ ಒಡೆಯರ ಹೆಸರುಗಳಿವೆ, ಫೋರ್ಡನ ನಕ್ಷೆಯಲ್ಲಿ ಕಬ್ಬಿನ ಗಾಣಗಳೂ ಇವೆ. ಫೋರ್ಡ್ ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವನಾದ್ದರಿಂದ ಕೋಟೆಗಳನ್ನು ಬಿಟ್ಟ. ಅಂದರೆ ನಕ್ಷೆ ಮಾಡುವವನ ಮನಸ್ಸೂ ನಕ್ಷೆಯಲ್ಲಿ ಬರುತ್ತದೆ. ಆದರೆ ಆ ಗಾಣ ತಿರುಗಿಸಿದವರ ಒಂದು ಹೆಸರೂ ಅಲ್ಲಿಲ್ಲ.

ಮೆಕೆಂಜಿಗೂ ಅಂಥದೊಂದು ದ್ವೀಪ ಎದುರಾಯಿತು. 1811ರಲ್ಲಿ ಇಂಗ್ಲಿಷರು ಡಚ್ಚರಿಂದ ಜಾವಾವನ್ನು ಗೆದ್ದಾಗ ಅವನು ಎಂಜಿನಿಯರುಗಳ ಮುಖ್ಯಸ್ಥನಾಗಿ ಹೋದ. ಡಚ್ಚರು ಅಲ್ಲಿನ ರೈತರಿಂದ ಬಲವಂತವಾಗಿ ಕಾಫಿ ಬೆಳೆಸಿ ತಾವು ಹೇಳಿದ ಬೆಲೆಗೆ ಕೊಳ್ಳುತ್ತಿದ್ದರು. ಮೆಕೆಂಜಿ ಸುಮಾರು ಎರಡು ವರ್ಷ ಅಲ್ಲಿ ನೆಲದ ಹಕ್ಕು, ಕಂದಾಯ, ಹಳೆಯ ಡಚ್ ದಾಖಲೆಗಳನ್ನು ಶೋಧಿಸಿದ. ಪ್ರಂಬನಾನಿನ ಪಾಳು ದೇವಾಲಯಗಳನ್ನು ನೋಡಿ ಬರೆದ. ಐವತ್ತೆಂಟರ ವಯಸ್ಸಿನಲ್ಲಿ, 1812ರಲ್ಲಿ, ಅಲ್ಲಿಯೇ ಡಚ್ ಮನೆತನದ ಪೆಟ್ರೊನೆಲ್ಲಾ ಬಾರ್ಟೆಲ್ಸಳನ್ನು ಮದುವೆಯಾದ. ಮೈಸೂರಿನಲ್ಲಿ ಕಲಿತ ಕೇಳುವ ಅಭ್ಯಾಸವನ್ನೇ ಅಲ್ಲಿಗೂ ಒಯ್ದ. ಆದರೆ ಕೇಳಿದ್ದೆಲ್ಲ ಕೊನೆಗೆ ಸೇರುತ್ತಿದ್ದದ್ದು ಸರ್ಕಾರದ ಕೈಗೆ ಎಂಬುದೂ ಅಷ್ಟೇ ನಿಜ.

ಉಳಿದದ್ದು, ಉಳಿಯದೆ ಹೋದದ್ದು

ಮೆಕೆಂಜಿ 1810ರಲ್ಲಿ ಮದರಾಸಿನ ಸರ್ವೇಯರ್ ಜನರಲ್ ಆದ. 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡ. ಆ ಕಾಲದಲ್ಲಿ, 1816ರಲ್ಲಿ, ಥಾಮಸ್ ಹಿಕಿ ಬರೆದ ಅವನ ವರ್ಣಚಿತ್ರವೊಂದಿದೆ. ಕೆಂಪು ಅಂಗಿಯ ಮೆಕೆಂಜಿಯ ಸುತ್ತ ಮೂವರು ಭಾರತೀಯರು. ಒಬ್ಬನ ಕೈಯಲ್ಲಿ ತಾಳೆಗರಿ, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ. ಹಿನ್ನೆಲೆಯಲ್ಲಿ ಕಾರ್ಕಳದ ಗೊಮ್ಮಟ. ಮೆಕೆಂಜಿಯ ಹೆಸರಿನಲ್ಲಿರುವ ಚಿತ್ರದಲ್ಲಿ ಮೆಕೆಂಜಿ ಒಬ್ಬನೇ ಇಲ್ಲ. ಆ ಕಾಲದ ಸಾಹೇಬರ ಚಿತ್ರಗಳಲ್ಲಿ ಇದು ಅಪರೂಪ.

1821ರ ಮೇ 8ರಂದು ಕಲ್ಕತ್ತೆಯ ಬಳಿ ಅವನು ತೀರಿಕೊಂಡ. ಸಂಗ್ರಹವನ್ನು ಕ್ರಮಪಡಿಸಿ ಪಟ್ಟಿ ಮಾಡಬೇಕೆಂಬ ಅವನ ಆಸೆ ಹಾಗೇ ಉಳಿಯಿತು. 8,000ಕ್ಕೂ ಹೆಚ್ಚು ಶಾಸನಗಳ ಪ್ರತಿ, 1,500ಕ್ಕೂ ಹೆಚ್ಚು ಹಸ್ತಪ್ರತಿ, 6,000ಕ್ಕೂ ಹೆಚ್ಚು ನಾಣ್ಯ, ಎರಡು ಸಾವಿರಕ್ಕೂ ಮಿಕ್ಕಿದ ಚಿತ್ರ. ಕಂಪನಿ ಅದನ್ನು ಅವನ ಹೆಂಡತಿಯಿಂದ ಕೊಂಡಿತು. 1828ರಲ್ಲಿ ಎಚ್. ಎಚ್. ವಿಲ್ಸನ್ ಪಟ್ಟಿಯನ್ನು ಪ್ರಕಟಿಸಿದ. ಇಂದು ಅದರ ಒಂದು ಪಾಲು ಲಂಡನ್ನಿನಲ್ಲಿ, ಒಂದು ಪಾಲು ಚೆನ್ನೈನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಕನ್ನಡ ಓದುಗರಿಗೆ ದೊರಕಿಸಿಕೊಟ್ಟರು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1830ರ ದಶಕದಲ್ಲಿ ಕಾವಲಿ ಲಕ್ಷ್ಮಯ್ಯ ಆ ಸಂಶೋಧನೆಯನ್ನು ತಾನೇ ಮುಂದುವರಿಸಲು ಅವಕಾಶ ಕೇಳಿದ. ಸುಮಾರು ಇಪ್ಪತ್ತೈದು ವರ್ಷ ಆ ಕೆಲಸದಲ್ಲೇ ಸವೆದವನು. ಅವನಿಗಿಂತ ಹೆಚ್ಚು ತಿಳಿದವರು ಆಗ ಬದುಕಿರಲಿಲ್ಲ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಅಭಿಪ್ರಾಯ ಕೇಳಲಾಯಿತು. ಇಂಥ ಕೆಲಸದ ಮೇಲ್ವಿಚಾರಣೆಗೆ ಭಾರತೀಯನೊಬ್ಬ ತಕ್ಕವನಲ್ಲ ಎಂಬ ಅರ್ಥದ ಉತ್ತರ ಬಂತು. ಹೊಣೆ ಒಬ್ಬ ಪಾದ್ರಿಯ ಪಾಲಾಯಿತು. ಕೇಳಿ ತರುವುದಕ್ಕೆ ಲಕ್ಷ್ಮಯ್ಯ ಸಾಕು, ಅರ್ಥ ಹೇಳುವುದಕ್ಕೆ ಸಾಲದು! ಮಕ್ಕಳಿಗೆ ವಸಾಹತುಶಾಹಿ ಎಂಬ ಪದವನ್ನು ವ್ಯಾಖ್ಯಾನದಿಂದ ಕಲಿಸುವ ಬದಲು ಈ ಒಂದು ಘಟನೆಯಿಂದ ಕಲಿಸಬಹುದು.

ತರಗತಿಗೆ ಕೆಲವು ಸಲಹೆಗಳು

ಈ ಜೀವನವನ್ನು ಎರಡು ಅವಧಿಗಳಿಗೆ ಹಂಚಿಕೊಳ್ಳಿ. ಮೊದಲ ಅವಧಿ ಅಳತೆಯದು, ಎರಡನೆಯದು ಕೇಳುವುದರದು.

ಅಳತೆಯ ಅವಧಿಯಲ್ಲಿ ಮಕ್ಕಳನ್ನು ಆಟದ ಮೈದಾನಕ್ಕೆ ಕರೆದೊಯ್ಯಿರಿ. ಹಗ್ಗದಿಂದ 40 ಮೀಟರಿನ ಆಧಾರರೇಖೆ ಹಾಕಿಸಿ. ಎರಡೂ ತುದಿಗಳಿಂದ ದೂರದ ಒಂದು ಮರವನ್ನು ದೊಡ್ಡ ರಟ್ಟಿನ ಕೋನಮಾಪಕದಿಂದ ನೋಡಿಸಿ, ಕೋನ ಬರೆಸಿ. 1 ಸೆಂ.ಮೀ. ಎಂದರೆ 4 ಮೀಟರ್ ಎಂಬ ಪ್ರಮಾಣದಲ್ಲಿ ಹಾಳೆಯ ಮೇಲೆ 10 ಸೆಂ.ಮೀ. ಗೆರೆ ಎಳೆದು ತ್ರಿಭುಜ ಪೂರ್ತಿ ಮಾಡಲಿ. ಎರಡೂ ಕೋನ 45 ಡಿಗ್ರಿ ಬಂದರೆ ಮರ ಗೆರೆಯಿಂದ 5 ಸೆಂ.ಮೀ., ಅಂದರೆ ನೆಲದ ಮೇಲೆ 20 ಮೀಟರ್ ದೂರದಲ್ಲಿದೆ. ನಡೆದು ಮುಟ್ಟದೆ ದೂರ ಗೊತ್ತಾಯಿತು. ಮಧುಗಿರಿಯ ಏಕಶಿಲಾ ಬೆಟ್ಟವಾಗಲಿ ಪಾವಗಡದ ಕೋಟೆಯಾಗಲಿ ಅಳತೆಯವರಿಗೆ ಯಾಕೆ ಬೇಕಾಗಿತ್ತು ಎಂದು ಆಗ ಕೇಳಿ. ಉತ್ತರ ಮಕ್ಕಳಿಂದಲೇ ಬರುತ್ತದೆ. ಗಣಿತದ ಜೊತೆ ಜೋಡಿಸುವುದಾದರೆ ಇಂಗ್ಲಿಷರ 66 ಅಡಿಯ ಗಂಟರ್ ಸರಪಳಿಯನ್ನು ತನ್ನಿ. ಅದರ ಅರ್ಧ 33 ಅಡಿ. 33 ಅಡಿ ಚೌಕವೇ ನಮ್ಮ ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಮನೆಯ ಪಹಣಿಯಲ್ಲಿರುವ ಲೆಕ್ಕದ ಮೂಲ ಮಕ್ಕಳಿಗೆ ಸಿಗುತ್ತದೆ.

ಕೇಳುವ ಅವಧಿಗೆ ಮುಂಚೆ ಮಕ್ಕಳು ತಮ್ಮ ಊರಿನ ಬಗ್ಗೆ ಐದು ಪ್ರಶ್ನೆಗಳನ್ನು ತಾವೇ ಸಿದ್ಧಪಡಿಸಲಿ. ಅಜ್ಜ ಅಜ್ಜಿಯರನ್ನು ಕೇಳಿ ಒಂದು ಪುಟದ ಕೈಫಿಯತ್ತು ಬರೆದು ತರಲಿ. ಒಂದು ನಿಯಮ ಮಾತ್ರ ಕಡ್ಡಾಯ: ಹೇಳಿದವರ ಹೆಸರು ಮೇಲೆ, ಬರೆದ ಮಗುವಿನ ಹೆಸರು ಕೆಳಗೆ. ಇನ್ನೊಂದು ಎಚ್ಚರಿಕೆಯನ್ನೂ ಕಲಿಸಿ. ಸಿದ್ದರಬೆಟ್ಟದ ಸೊಪ್ಪು ಬೇರುಗಳನ್ನು ಬಲ್ಲ ಹಿರಿಯರು ಎಲ್ಲವನ್ನೂ ಎಲ್ಲರಿಗೂ ಹೇಳುವುದಿಲ್ಲ. ಹೇಳದಿರುವುದು ಅವರ ಹಕ್ಕು. ಹೇಳಿಸಿಕೊಂಡೇ ತೀರಬೇಕೆಂಬ ಹಟ ಸಲ್ಲದು; ಯಾಕೆ ಕೇಳುತ್ತಿದ್ದೇವೆ, ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ತಿಳಿಸಬೇಕು. ಇನ್ನೂರು ವರ್ಷದ ಹಿಂದೆ ಶಾನುಭೋಗರು ಕಡತ ಬಿಚ್ಚಲು ಹಿಂಜರಿದದ್ದರ ಕಾರಣ ಮಕ್ಕಳಿಗೆ ಅರ್ಥವಾಗುವುದು ಆಗಲೇ.

ಮೌಲ್ಯಮಾಪನಕ್ಕೆ ಮೆಕೆಂಜಿ ಹುಟ್ಟಿದ ವರ್ಷವನ್ನು ಕೇಳಬೇಡಿ. ಹಿಕಿಯ ಚಿತ್ರವನ್ನು ತೋರಿಸಿ, ಚಿತ್ರಕ್ಕೆ ನೀವಾದರೆ ಯಾರ ಹೆಸರಿಡುತ್ತಿದ್ದಿರಿ, ಯಾಕೆ ಎಂದು ಕೇಳಿ. ಬೊರಯ್ಯ, ಲಕ್ಷ್ಮಯ್ಯ, ಧರ್ಮಯ್ಯ, ಸರ್ವೆ ಶಾಲೆಯ ಅನಾಥ ಹುಡುಗರು, ಮೆಕೆಂಜಿ, ಇವರಲ್ಲಿ ಯಾರ ಹೆಸರು ಹೇಳಿದರೂ ಸರಿ. ಕಾರಣಕ್ಕೆ ಅಂಕ ಕೊಡಿ. ಮಕ್ಕಳು ತಂದ ಕೈಫಿಯತ್ತುಗಳನ್ನು ಹೊಲಿದು ಶಾಲೆಯ ಗ್ರಂಥಾಲಯದಲ್ಲಿಡಿ. ಅಭ್ಯಾಸ ಬೋಧನೆ ಮುಗಿಸಿ ನೀವು ಹೊರಡುವಾಗ ಅದು ನಿಮ್ಮ ದಾಖಲೆ ಪುಸ್ತಕದ ಜೊತೆ ಕಾಲೇಜಿಗೆ ಬರಬಾರದು, ಊರಿನಲ್ಲೇ ಉಳಿಯಬೇಕು.